ಕಿವಿಗೆ ಬೀಳದ ಸೂತಕ

ಅಮ್ಮ ಸತ್ತ ಸುದ್ದಿ ಬಸ್ಸಿನಲ್ಲಿದ್ದವರಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದೇ ಇದ್ದವನು ನಾನೊಬ್ಬನೇ, ಅವಳ ಮಗ. ಯಾಕೆ ಹೇಳಲಿಲ್ಲ ಅಂದರೆ ಕಾರಣ ಬಹಳ ಸಣ್ಣದು: ನಾನು ಅಡುಗೆಯವನು. ಸುದ್ದಿ ಕಿವಿಗೆ ಬಿದ್ದ ಗಳಿಗೆಯಿಂದ ನನಗೆ ಸೂತಕ. ಸೂತಕದ ಕೈಯಲ್ಲಿ ಬೆಂದ ಅನ್ನವನ್ನು ಆ ಮಹಾನುಭಾವರು ಮುಟ್ಟುವಂತಿಲ್ಲ. ನಾನು ಸೌಟು ಕೆಳಗಿಟ್ಟರೆ ಜೋರ್ಡಾನಿನ ಮರುಭೂಮಿಯಲ್ಲಿ ಅವರಿಗೆ ಸಾರು ಕುದಿಸುವವರು ಯಾರು? ಹಾಗಾಗಿ ಅವರ ಹೊಟ್ಟೆ ತುಂಬುವ ತನಕ ನನ್ನಮ್ಮ ಸಾಯುವಂತಿರಲಿಲ್ಲ.

ನನ್ನ ಹೆಸರು ಗಜಾನನ, ಊರು ಹೊಸನಗರ. ಮದುವೆ, ಮುಂಜಿ, ತಿಥಿ ಅಂತ ಸಾಗರದಿಂದ ತೀರ್ಥಹಳ್ಳಿಯವರೆಗೆ ನಾನು ಒಲೆ ಹಚ್ಚದ ಚಪ್ಪರವಿಲ್ಲ. ತೀರ್ಥಹಳ್ಳಿಯ ಸತೀಶ್ ಜನರನ್ನು ಟೂರಿಗೆ ಕರೆದುಕೊಂಡು ಹೋಗುವ ಉದ್ಯೋಗ ಶುರು ಮಾಡಿದ ಮೇಲೆ ನಾನು ಅವನ ಜೊತೆ ಸೇರಿಕೊಂಡೆ. ಕಾಶಿ, ನೇಪಾಳ, ಕಾಂಬೋಡಿಯಾ ಎಲ್ಲ ಆಯಿತು. ‘ನಮ್ಮದೇ ಭಟ್ಟರು, ನಮ್ಮೂರಿನದೇ ಊಟ’ ಅಂತ ಅವನ ಜಾಹೀರಾತು. ಬರುವವರು ರಿಟೈರಾದ ಮೇಷ್ಟ್ರುಗಳು, ಬ್ಯಾಂಕಿನವರು, ದೇವಸ್ಥಾನದ ಮನೆತನದವರು. ಲೋಕವನ್ನೆಲ್ಲ ಸುತ್ತಬೇಕು, ನಾಲಿಗೆ ಮಾತ್ರ ತೀರ್ಥಹಳ್ಳಿ ಬಿಟ್ಟು ಕದಲಬಾರದು. ಅಂಥವರಿಗೆ ನಾನೇ ಬೇಕು.

ಈ ಸಲದ ಟೂರಿಗೆ ಯಜಮಾನರು ಯಜ್ಞನಾರಾಯಣ. ಕಾಲೇಜಿನಲ್ಲಿ ಚರಿತ್ರೆ ಪಾಠ ಮಾಡಿ ನಿವೃತ್ತರಾದವರು, ಮನೆತನದ ದೇವಸ್ಥಾನದ ಪೂಜೆಯೂ ಅವರದೇ. ಎರಡೂ ಕಡೆ ಅವರ ಮಾತಿಗೆ ಎದುರಾಡುವವರಿಲ್ಲ. ಇಸ್ಲಾಂ ಹುಟ್ಟಿದ ಹೊಸದರಲ್ಲಿ ದಮಾಸ್ಕಸ್ಸಿನಿಂದ ಆಳುತ್ತಿದ್ದ ಖಲೀಫರು ಮರುಭೂಮಿಯ ನಡುವೆ ಅರಮನೆಗಳನ್ನು ಕಟ್ಟಿಸಿದರಂತೆ. ಬೇಟೆಗೆ, ಸ್ನಾನಕ್ಕೆ, ಹಾಡು ಕುಣಿತಕ್ಕೆ. “ನಮ್ಮೂರ ಕಡೆ ನಗರದ ಕೋಟೆ ನೋಡಿ ನೋಡಿ ಕಣ್ಣು ಸವೀತು. ಸಾಯೋದ್ರೊಳಗೆ ಇದೊಂದು ನೋಡ್ಬಿಡಬೇಕು” ಅಂತ ಅವರು ಹೇಳಿದ್ದೇ ತಡ, ಸತೀಶ್ ಇಪ್ಪತ್ತು ಜನರನ್ನು ಕೂಡಿಸಿದ. ಯಜ್ಞನಾರಾಯಣರ ಹೆಂಡತಿ ಸುಬ್ಬಲಕ್ಷ್ಮಮ್ಮನೂ ಹೊರಟರು.

ನಾನು ಟೂರಿಗೆ ಹೋದಾಗಲೆಲ್ಲ ಅಮ್ಮ ಆನಂದಪುರದಲ್ಲಿ ನನ್ನ ತಂಗಿ ಅಪರ್ಣಾಳ ಮನೆಯಲ್ಲಿರುತ್ತಿದ್ದಳು. ನನಗೆ ಹೆಂಡತಿ ಮಕ್ಕಳಿಲ್ಲ, ಇದ್ದವಳು ಅವಳೊಬ್ಬಳೇ. ಹೊರಡುವ ದಿನ ಕಾಲಿಗೆ ಬಿದ್ದೆ. ಉಬ್ಬಸದಲ್ಲೇ ತಲೆ ಸವರಿ, “ನೋಡು, ನಾ ಹೋದ್ರೆ ಬೆಂಕಿ ನೀನೇ ಇಡ್ಬೇಕು. ಹೆತ್ತ ಮಗ ಇದ್ದೂ ಅಳಿಯನ ಕೈಲಿ ಇಡ್ಸಬೇಡ” ಅಂದಳು.

“ಬಿಡ್ತು ಅನ್ನು. ಬರೋವಾಗ ಖರ್ಜೂರ ತರ್ತೀನಿ, ತಿನ್ನೋಕೆ ಹಲ್ಲು ಉಳಿಸ್ಕೊಂಡಿರು” ಅಂತ ತಮಾಷೆ ಮಾಡಿ ಹೊರಟೆ. ನನ್ನದು ಗುಂಡಿ ಒತ್ತುವ ಹಳೇ ಫೋನು, ಆ ದೇಶದಲ್ಲಿ ನಡೆಯುವುದಿಲ್ಲ. ದಿನಾ ಸಂಜೆ ಸತೀಶನ ಫೋನಿನಲ್ಲಿ ಮಾತಾಡಿಸುವುದು ಅಂತ ಒಪ್ಪಂದವಾಗಿತ್ತು. ಮೊದಲ ದಿನಗಳಲ್ಲಿ ಹಾಗೆಯೇ ನಡೆಯಿತು.

ಖರಾನಾ ಅನ್ನುವ ಮೊದಲ ಅರಮನೆಗೆ ಹೊರಟ ಬೆಳಿಗ್ಗೆ ಬಸ್ಸಿನಲ್ಲಿ ಸತೀಶನಿಗೆ ಫೋನು ಬಂತು. ನಾನು ಹಿಂದಿನ ಸೀಟಿನಲ್ಲಿ ಪಾತ್ರೆ ಉರುಳದಂತೆ ಕಾಲು ಕೊಟ್ಟು ಕೂತಿದ್ದೆ. ಅವನು ತಗ್ಗಿದ ದನಿಯಲ್ಲಿ ಮಾತಾಡಿ, ಎದ್ದು ಹೋಗಿ ಯಜ್ಞನಾರಾಯಣರ ಕಿವಿಯಲ್ಲಿ ಏನೋ ಹೇಳಿದ. ಅವರು ಒಮ್ಮೆ ತಿರುಗಿ ನನ್ನನ್ನು ನೋಡಿದರು. ಮಧ್ಯಾಹ್ನಕ್ಕೆ ಎಂತ ಅಡುಗೆ ಅಂತ ವಿಚಾರಿಸುತ್ತಿರಬೇಕು ಅಂದುಕೊಂಡೆ.

ಖರಾನಾ ಅಂದರೆ ಬಟ್ಟ ಬಯಲಿನಲ್ಲಿ ಒಂದು ದೊಡ್ಡ ಚೌಕದ ಕಲ್ಲುಕಟ್ಟಡ. ಸುತ್ತ ಒಂದು ಗಿಡವಿಲ್ಲ, ಒಂದು ಕಾಗೆಯಿಲ್ಲ. ಒಳಗೆ ಅಂಗಳ, ಅಂಗಳದ ಸುತ್ತ ಎರಡು ಅಂತಸ್ತಿನಲ್ಲಿ ಕೋಣೆಗಳು. ನೋಡಲು ಕೋಟೆಯ ಹಾಗಿದ್ದರೂ ಯುದ್ಧಕ್ಕೆ ಕಟ್ಟಿದ್ದಲ್ಲವಂತೆ, ದೊಡ್ಡವರು ಕೂತು ಮಾತಾಡಿಕೊಳ್ಳಲು ಕಟ್ಟಿದ್ದಿರಬೇಕಂತೆ. ಯಜ್ಞನಾರಾಯಣರು ಎಲ್ಲರನ್ನೂ ಮೇಲಿನ ಕೋಣೆಗೆ ಕರೆದುಕೊಂಡು ಹೋದರು. ಎಷ್ಟು ಹೊತ್ತಾದರೂ ಇಳಿಯಲಿಲ್ಲ. ಬಿಸಿಲಿಗೆ ಬಾಯಾರಿರುತ್ತದೆ ಅಂತ ನಾನು ಮಜ್ಜಿಗೆ ತುಂಬಿಕೊಂಡು ಮೆಟ್ಟಿಲು ಹತ್ತಿದೆ. ನನ್ನ ತಲೆ ಕಂಡದ್ದೇ ಮಾತೆಲ್ಲ ನಿಂತಿತು. ಇಪ್ಪತ್ತೂ ಜನ ಗೋಡೆ ನೋಡತೊಡಗಿದರು. ಆ ಗೋಡೆಯಲ್ಲಿ ನೋಡಲು ಏನೂ ಇರಲಿಲ್ಲ.

ಒಳಗೆ ನಡೆದದ್ದನ್ನು ಆಮೇಲೆ, ಎಲ್ಲ ಮುಗಿದ ಮೇಲೆ, ಸುಬ್ಬಲಕ್ಷ್ಮಮ್ಮ ನನಗೆ ಹೇಳಿದರು. ಅವರು ಹೇಳಿದ ಹಾಗೆಯೇ ಹೇಳುತ್ತೇನೆ.

“ಭಟ್ರ ತಾಯಿ ಹೋಗ್ಬಿಟ್ರಂತೆ. ತಂಗಿ ಫೋನ್ ಮಾಡಿದ್ಳು. ಇವತ್ತೇ ಹೊರಡ್ಸಿದ್ರೆ ನಾಳೆ ಸಂಜೆಗೆ ಆನಂದಪುರ ಮುಟ್ತಾರೆ. ಸಾಗರದಿಂದ ಫ್ರೀಜರ್ ಪೆಟ್ಟಿಗೆ ತರ್ಸಿದಾರಂತೆ, ಇವ್ರಿಗೆ ಅಂತ ಕಾಯ್ತಾರಂತೆ. ಎಂತ ಮಾಡೋದು ಸರ್?” ಅಂದನಂತೆ ಸತೀಶ್.

“ಅವ್ನು ಹೋದ್ರೆ ನಮ್ಮ ಗತಿ ಎಂತ ಮಾರಾಯ? ಇಲ್ಲಿ ಬೇಳೆ ಸೂಪಿಗೂ ಕುರಿ ಹಾಕ್ತಾರೆ” ಅಂದರಂತೆ ಒಬ್ಬರು. “ಹೇಳಿದ್ರೆ ಇಲ್ಲೇ ಇದ್ರೂ ಒಲೆ ಮುಟ್ಟೋ ಹಾಗಿಲ್ಲ” ಅಂದರಂತೆ ಇನ್ನೊಬ್ಬರು. ಎಲ್ಲರೂ ಯಜ್ಞನಾರಾಯಣರ ಮುಖ ನೋಡಿದರಂತೆ. ಅವರು ಕಣ್ಣು ಮುಚ್ಚಿ, ತೆರೆದು, ತೀರ್ಪು ಕೊಟ್ಟರಂತೆ: “ಕಿವಿಗೆ ಬೀಳದ ಸಾವಿಗೆ ಸೂತಕ ಇಲ್ಲ. ದೇಶಾಂತರದಲ್ಲಿ ಇರೋನಿಗೆ ಕೇಳಿದ ದಿನದಿಂದ್ಲೇ ಲೆಕ್ಕ. ಶಾಸ್ತ್ರ ಸ್ಪಷ್ಟ ಇದೆ. ಹೇಳ್ಬೇಡಿ. ಅವನಿಗೂ ದೋಷ ಇಲ್ಲ, ಉಂಡ ನಮಗೂ ಇಲ್ಲ.”

ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅಂತಾರೆ. ಇವರು ಪುರಾಣ ಹೇಳಿಯೇ ಬದನೆಕಾಯಿ ತಿಂದರು ನೋಡಿ! ನಮ್ಮ ಕಡೆ ಇದು ಹೊಸದೇನಲ್ಲ. ಮಾಂಗಲ್ಯಧಾರಣೆಯ ಹೊತ್ತಿಗೆ ನೆಂಟರ ಸಾವಿನ ಸುದ್ದಿ ಬಂದರೆ ಮುಹೂರ್ತ ಮುಗಿಯುವ ತನಕ ಬಾಯಿ ಮುಚ್ಚಿಕೊಂಡಿರುತ್ತಾರೆ. ಎಷ್ಟೋ ಮದುವೆಗಳಲ್ಲಿ ನಾನೇ ಕಂಡಿದ್ದೇನೆ, ನಾನೂ ಬಾಯಿ ಮುಚ್ಚಿಕೊಂಡು ಹೋಳಿಗೆ ಬೇಯಿಸಿದ್ದೇನೆ. ಆದರೆ ಅದು ಮದುವೆ. ಇದು ಹುಳಿ, ಸಾರು, ಹಪ್ಪಳ.

ಅವತ್ತಿನಿಂದ ನನ್ನ ಮೇಲೆ ಎಲ್ಲರಿಗೂ ಎಲ್ಲಿಲ್ಲದ ಪ್ರೀತಿ ಬಂತು. ‘ಏ ಗಜಾನನ’ ಅನ್ನುತ್ತಿದ್ದವರು ‘ಭಟ್ರೇ’ ಅಂದರು. ಕಿಟಕಿ ಪಕ್ಕದ ಸೀಟು ಬಿಟ್ಟುಕೊಟ್ಟರು. ಸುಬ್ಬಲಕ್ಷ್ಮಮ್ಮ ತಮ್ಮ ಶಾಲು ತಂದು ಹೊದೆಸಿ, “ಇಲ್ಲಿ ಸಂಜೆ ಚಳಿ ಜಾಸ್ತಿ” ಅಂದರು. ನಾನು ದಡ್ಡ, ಹಿಗ್ಗಿಬಿಟ್ಟೆ. ಇಷ್ಟು ವರ್ಷ ಬೇಯಿಸಿ ಹಾಕಿದ್ದಕ್ಕೆ ಇವತ್ತು ನನ್ನ ಬೆಲೆ ತಿಳಿಯಿತು ಇವರಿಗೆ ಅಂದುಕೊಂಡು, ಇನ್ನೊಂದು ಬಗೆ ಪಲ್ಯ ಹೆಚ್ಚಿಗೆ ಮಾಡಿದೆ.

ಬಸ್ಸಿನ ಡ್ರೈವರ್ ಆ ದೇಶದವನು. ಅವನಿಗೂ ಸತೀಶ್ ಇಂಗ್ಲಿಷಿನಲ್ಲಿ ಹೇಳಿಬಿಟ್ಟಿದ್ದನಂತೆ. ಆ ಮನುಷ್ಯ ನನ್ನ ಹತ್ತಿರ ಬಂದು, ತನ್ನ ಎದೆಯ ಮೇಲೆ ಕೈಯಿಟ್ಟುಕೊಂಡು, ಅವನ ಭಾಷೆಯಲ್ಲಿ ಏನೋ ಹೇಳಿದ. ಅವನ ಕಣ್ಣಲ್ಲಿ ನೀರಿತ್ತು. ಆಗಷ್ಟೇ ಕೊಟ್ಟ ಮೆಣಸಿನಕಾಯಿ ಬಜ್ಜಿ ಖಾರವಾಗಿರಬೇಕು ಅಂತ ನಾನು ನಕ್ಕೆ. ಆ ಬಸ್ಸಿನಲ್ಲಿ ನನಗೆ ಸಂತಾಪ ಹೇಳಿದವನು ಅವನೊಬ್ಬನೇ, ನಾನು ಅವನ ಮುಖಕ್ಕೆ ನಕ್ಕುಬಿಟ್ಟೆ.

ಸಂಜೆ ಸತೀಶನನ್ನು ಫೋನು ಕೇಳಿದೆ.

“ಮರುಭೂಮೀಲಿ ನೆಟ್‌ವರ್ಕ್ ಎಲ್ಲಿ ಬರತ್ತೆ ಭಟ್ರೇ?”

“ಬೆಳಿಗ್ಗೆ ನಿಂಗೆ ಬಂದಿತ್ತಲ್ಲ?”

“ಅದು ಆಫೀಸಿಂದು. ನಿಮ್ಮಮ್ಮ ಮಲಗಿದಾರಂತೆ, ತಂಗಿ ಮೆಸೇಜ್ ಹಾಕಿದ್ಲು. ಎಬ್ಬಿಸೋದು ಬೇಡ ಅಂದಿದಾಳೆ.” ಕಣ್ಣು ಕೂಡ ಮಿಟುಕಿಸದೆ ಹೇಳಿದ, ಪಾಪಿ.

ಮಾರನೆಯ ದಿನ ಇನ್ನೊಂದು ಅರಮನೆ, ಅಮ್ರಾ. ಅದೇ ದಿನ ಯಜ್ಞನಾರಾಯಣರ ಎಪ್ಪತ್ತನೇ ವರ್ಷದ ಜನ್ಮನಕ್ಷತ್ರ. “ಭಟ್ರೇ, ಒಂದು ಪಾಯಸ ಆಗ್ಬಹುದಾ?” ಅಂತ ಸತೀಶ್ ಹಿಂದಿನ ದಿನವೇ ಕೇಳಿದ್ದ. ಯಾಕಾಗಬಾರದು? ಬೆಳಿಗ್ಗೆ ಹೋಟೆಲಿನವರು ಬಿಟ್ಟುಕೊಟ್ಟ ಒಲೆಯಲ್ಲಿ ಕಡಲೆಬೇಳೆ ಬೇಯಿಸಿ, ಊರಿನಿಂದ ತಂದ ಬೆಲ್ಲ ಕರಗಿಸಿ, ಏಲಕ್ಕಿ ಕುಟ್ಟಿದೆ. ಹಾಡು ಗುನುಗುತ್ತಿದ್ದೆ ಅಂತ ನೆನಪು. ನಾನು ಬೆಲ್ಲ ತಿರುವುತ್ತಿದ್ದ ಹೊತ್ತಿಗೇ ಆನಂದಪುರದಲ್ಲಿ ಅಪರ್ಣಾಳ ಗಂಡ ಉದಯ್ ಅಮ್ಮನಿಗೆ ಬೆಂಕಿಯಿಟ್ಟ. ಹೊತ್ತನ್ನು ಆಮೇಲೆ ತಾಳೆ ಹಾಕಿ ನೋಡಿದ್ದೇನೆ. ನೋಡಬಾರದಿತ್ತು.

ಅಮ್ರಾ ಹೊರಗಿನಿಂದ ಸಣ್ಣದು, ಮಣ್ಣುಬಣ್ಣದ ಕಮಾನುಗಳ ಸಾಲು. ಒಳಗೆ ಕಾಲಿಟ್ಟರೆ ಗೋಡೆ ತುಂಬ ಚಿತ್ರ! ಬೇಟೆನಾಯಿ ಅಟ್ಟಿಸಿಕೊಂಡು ಹೋಗುವ ಕಾಡುಕತ್ತೆಗಳು, ವಾದ್ಯ ನುಡಿಸುವ ಕರಡಿ, ಸ್ನಾನ ಮಾಡುವ ಹೆಂಗಸರು. ಹೆಂಗಸರ ಚಿತ್ರದ ಮುಂದೆ ನಮ್ಮವರು ಮುಖ ತಿರುಗಿಸಿ, ತಿರುಗಿಸಿದ ಮುಖದಲ್ಲೇ ಓರೆಗಣ್ಣಿನಿಂದ ನೋಡಿದರು. ಯಜ್ಞನಾರಾಯಣರು ಎಂದೂ ಇಲ್ಲದ್ದು ನನ್ನ ಭುಜದ ಮೇಲೆ ಕೈಯಿಟ್ಟು ಬಚ್ಚಲಮನೆಯ ಗುಮ್ಮಟದ ಕೆಳಗೆ ನಿಲ್ಲಿಸಿದರು. ಮೇಲೆ ಆಕಾಶವನ್ನೇ ಬರೆದಿದ್ದರು, ರಾಶಿಗಳು, ನಕ್ಷತ್ರಗಳು. “ನೋಡಿ ಭಟ್ರೇ, ನಮ್ಮ ವೃಶ್ಚಿಕ ಇಲ್ಲೂ ಚೇಳೇ. ಸಾವಿರದ ಮುನ್ನೂರು ವರ್ಷ ಆಗ್ತಾ ಬಂತು ಇದಕ್ಕೆ. ಎಲ್ಲ ನಶ್ವರ ನೋಡಿ” ಅಂದರು. ಆ ಕೈ ನನ್ನ ಭುಜದ ಮೇಲೆ ಎಷ್ಟು ಹೊತ್ತು ಇತ್ತು ಅಂತ ಈಗ ನೆನೆದರೆ ಮೈಯೆಲ್ಲ ಉರಿಯುತ್ತದೆ.

ಹೊರಗೆ ಬಸ್ಸಿನ ನೆರಳಿನಲ್ಲಿ ಚಾಪೆ ಹಾಸಿ ಬಡಿಸಿದೆ. ಯಜ್ಞನಾರಾಯಣರು ಮೂರು ಸಲ ಪಾಯಸ ಹಾಕಿಸಿಕೊಂಡರು. “ನಿನ್ನ ಕೈಗೆ ಚಿನ್ನದ ಬಳೆ ಹಾಕ್ಬೇಕು ಮಾರಾಯ” ಅಂದರು ಒಬ್ಬರು. “ಹೆತ್ತ ತಾಯಿ ಪುಣ್ಯ ಮಾಡಿದ್ಲು” ಅಂತ ಇನ್ನೊಬ್ಬರು ಬಾಯಿ ಜಾರಿ ಅಂದು, ನಾಲಿಗೆ ಕಚ್ಚಿಕೊಂಡು, ಗಟಗಟ ನೀರು ಕುಡಿದರು. ಯಾರೂ ತಲೆಯೆತ್ತಲಿಲ್ಲ. ಎಲೆಯಲ್ಲಿ ಒಂದಗುಳೂ ಉಳಿಯಲಿಲ್ಲ.

ಆಮೇಲೆ ಅಜ್ರಾಕ್ ಅಂತ ಕರಿಕಲ್ಲಿನ ಕೋಟೆ ನೋಡಿದೆವು. ಅಲ್ಲಿಯೂ ಬೇಯಿಸಿದೆ, ಬಡಿಸಿದೆ. ಅಮ್ಮನ ಜೊತೆ ಮಾತಾಡದೆ ದಿನಗಳು ಕಳೆದಿದ್ದವು. “ಒಂದೇ ಒಂದ್ಸಲ ಅಮ್ಮನ ಧ್ವನಿ ಕೇಳ್ಸು ಮಾರಾಯ, ದಮ್ಮಯ್ಯ” ಅಂತ ಸತೀಶನನ್ನು ಬೇಡಿದೆ. “ಊರಿಗೆ ಹೊರಡೋ ಹೊತ್ತು ಬಂತಲ್ಲ, ಹೋಗಿ ಎದುರಿಗೇ ಮಾತಾಡಿ” ಅಂದ.

ಕೊನೆಯ ದಿನ ಮುಶತ್ತಾ. ವಿಮಾನ ನಿಲ್ದಾಣದ ಪಕ್ಕದಲ್ಲೇ ಇರುವ, ಕಟ್ಟಿ ಮುಗಿಸದೆ ಬಿಟ್ಟುಹೋದ ಅರಮನೆ. ಅದರ ಮುಂಗೋಡೆಯ ಕುಸುರಿ ಕೆತ್ತನೆಯನ್ನು ಹಿಂದೊಬ್ಬ ಸುಲ್ತಾನ ಕಳಚಿ ಜರ್ಮನಿಯವರಿಗೆ ಕೊಟ್ಟುಬಿಟ್ಟನಂತೆ. ಉಳಿದ ಇಟ್ಟಿಗೆಯ ಕಮಾನಿನ ಮೇಲೆ ವಿಮಾನಗಳು ಇಳಿಯುತ್ತಿದ್ದವು. ಚಿತ್ರಾನ್ನ, ಮೊಸರನ್ನ, ಅಪ್ಪೆಮಿಡಿ ಉಪ್ಪಿನಕಾಯಿ ಬಡಿಸಿದೆ. ಇನ್ನು ಮುಂದಿನ ಊಟ ವಿಮಾನದಲ್ಲಿ, ಅದಾದ ಮೇಲೆ ಊರಿನಲ್ಲಿ. ಅಂದರೆ ನನ್ನ ಕೆಲಸ ಮುಗಿಯಿತು. ಅವರು ಕೈ ತೊಳೆದುಕೊಂಡರು.

ಯಜ್ಞನಾರಾಯಣರು ಗಂಟಲು ಸರಿಮಾಡಿಕೊಂಡರು. “ಗಜಾನನ, ಮನಸ್ಸು ಗಟ್ಟಿ ಮಾಡ್ಕೋ. ನಿನ್ನ ತಾಯಿ ಹೋಗ್ಬಿಟ್ರು.”

ನನಗೆ ಮೊದಲು ಅರ್ಥವೇ ಆಗಲಿಲ್ಲ. “ಎಲ್ಲಿಗೆ?” ಅಂದೆ.

“ತೀರ್ಕೊಂಡ್ರು. ಅವತ್ತು, ಖರಾನಾ ನೋಡಿದ ದಿನ.”

“ಬೆಂಕಿ?”

“ಅದೆಲ್ಲ ಆಯ್ತು. ಉದಯ್ ಇಟ್ಟರಂತೆ. ನೀನು ಚಿಂತೆ ಮಾಡ್ಬೇಡ.”

ಬಿದ್ದಿದ್ದ ಕಂಬದ ತುಂಡಿನ ಮೇಲೆ ಕುಸಿದು, ಎಳೆ ಮಗುವಿನ ಹಾಗೆ ಅತ್ತೆ. ಸುಬ್ಬಲಕ್ಷ್ಮಮ್ಮ ತಡೆಯಲಾರದೆ ಖರಾನಾದ ಕೋಣೆಯ ಕಥೆಯನ್ನೆಲ್ಲ ಅಲ್ಲಿಯೇ ಒದರಿಬಿಟ್ಟರು. “ಹೇಳಿಬಿಡೋಣ ಅಂತ ನಾನು ಹೇಳಿದ್ದೆ ಕಣೋ, ಇವ್ರೇ ಬೇಡ ಅಂದ್ರು” ಅನ್ನುತ್ತಾ ನನ್ನ ತಲೆ ಸವರಲು ಕೈ ಚಾಚಿದರು.

“ಏಯ್! ಮುಟ್ಬೇಡ. ಈಗ ಸೂತಕ” ಅಂದರು ಯಜ್ಞನಾರಾಯಣರು.

ಆ ಕೈ ಹಾಗೆಯೇ ಹಿಂದೆ ಹೋಯಿತು. ನಾನು ಬಡಿಸಿದ ಮೊಸರನ್ನ ಉಂಡು ತೊಳೆದ ಕೈ, ಇನ್ನೂ ಒಣಗಿರಲಿಲ್ಲ. ಒಬ್ಬೊಬ್ಬರಾಗಿ ಎಲ್ಲರೂ ಹಿಂದೆ ಸರಿದರು. “ಪಾತ್ರೆ ಮುಟ್ಬೇಡಿ ಭಟ್ರೇ, ನಾನು ತುಂಬ್ತೀನಿ. ಬಸ್ಸಲ್ಲಿ ಕೊನೇ ಸೀಟಲ್ಲಿ ಒಬ್ಬರೇ ಕೂತ್ಕೊಳ್ಳಿ” ಅಂದ ಸತೀಶ್.

ಥೂ ನಿಮ್ಮ! ಹೊಟ್ಟೆಯೊಳಗೆ ನನ್ನ ಅನ್ನ, ಮೈಗೆ ಮಾತ್ರ ನಾನು ಸೋಕಬಾರದು. ಆ ಉರಿಯಲ್ಲಿ ನನ್ನ ಬಾಯಿಂದ ಆ ಮಾತು ಹೊರಟಿತು.

“ನಂಗೆ ಗೊತ್ತಿತ್ತು” ಅಂದೆ ಎದ್ದು ನಿಂತು. “ಖರಾನಾದಲ್ಲೇ ಗೊತ್ತಿತ್ತು. ಮಜ್ಜಿಗೆ ಹಿಡ್ಕೊಂಡು ಮೆಟ್ಟಿಲ ಮೇಲೆ ನಿಂತು ಎಲ್ಲ ಕೇಳಿದ್ದೆ. ಕೇಳ್ಕೊಂಡೇ ಬೇಯ್ಸಿದೆ, ಕೇಳ್ಕೊಂಡೇ ಬಡಿಸ್ದೆ. ಹ್ಯಾಗಿತ್ತು ಯಜ್ಞನಾರಾಯಣ್ರೇ ಪಾಯಸ? ಮೂರು ಸಲ ಹಾಕಿಸ್ಕೊಂಡ್ರಲ್ಲ! ಸೂತಕದ ಪಾಯಸ ಅದು. ಹೋಗಿ, ಹೋಗಿ ನಿಮ್ಮ ದೇವ್ರ ಪೂಜೆ ಮಾಡಿ!”

ಸುಳ್ಳು. ಅಪ್ಪಟ ಸುಳ್ಳು. ಆದರೆ ಅದು ತಾಗಿದ ರೀತಿ ನೋಡಬೇಕಿತ್ತು ನೀವು! ಒಬ್ಬರು ಕಮಾನಿನ ಹಿಂದೆ ಹೋಗಿ ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿದರು. ಒಬ್ಬರು ಜನಿವಾರ ಹಿಡಿದುಕೊಂಡು ಏನೋ ಮಣಮಣ ಅನ್ನತೊಡಗಿದರು. ಯಜ್ಞನಾರಾಯಣರ ಮುಖ ಬೂದಿ ಬಳಿದ ಹಾಗಾಯಿತು. ನನಗೆ ಖುಷಿಯಾಯಿತು. ಅಮ್ಮ ಸತ್ತ ಸುದ್ದಿ ಕೇಳಿದ ಗಳಿಗೆಯಲ್ಲಿ ಖುಷಿಪಟ್ಟ ಮಗ ನಾನೊಬ್ಬನೇ ಇರಬೇಕು. ಸತೀಶ್ ಮಾತ್ರ ಗಾಬರಿಯಾಗಲಿಲ್ಲ. ಅವನ ಮುಖದಲ್ಲಿ ದೊಡ್ಡ ಭಾರ ಇಳಿದವನ ನಿರಾಳವಿತ್ತು. ಯಾಕೆಂದು ನನಗೆ ಆಗ ಹೊಳೆಯಲಿಲ್ಲ.

ಬೆಂಗಳೂರಿನಲ್ಲಿ ಇಳಿದವನೇ ಯಾರ ಮುಖವನ್ನೂ ನೋಡದೆ ಸಾಗರದ ಬಸ್ಸು ಹತ್ತಿ ಆನಂದಪುರದಲ್ಲಿ ಇಳಿದೆ. ಅಪರ್ಣಾಳ ಮನೆಯ ಹಿಂದೆ ಹರಿಯುವ ತೋಡಿನ ಪಕ್ಕದಲ್ಲಿ ದಿನಕರ್ಮ ನಡೆಯುತ್ತಿತ್ತು. ತಲೆ ಬೋಳಿಸಿಕೊಂಡ ಉದಯ್ ಒದ್ದೆ ಪಂಚೆಯಲ್ಲಿ ಮೂರು ಕಲ್ಲಿನ ಒಲೆಯ ಮುಂದೆ ಕೂತಿದ್ದ. ನಾನು ಚೀಲ ಕೆಳಗಿಟ್ಟು, “ಪುರೋಹಿತ್ರೇ, ಮಗ ಬಂದಿದೀನಿ. ಇನ್ನು ನಾನು ಮಾಡ್ತೀನಿ” ಅಂದೆ.

“ಬೆಂಕಿ ಇಟ್ಟೋರೇ ಹತ್ತೂ ದಿನ ಮುಗಿಸ್ಬೇಕು. ನಡುವೆ ಕೈ ಬದಲಾಯ್ಸೋ ಹಾಗಿಲ್ಲ” ಅಂದರು ಅವರು.

ಅಷ್ಟರಲ್ಲಿ ಅಪರ್ಣಾ ಬಂದಳು. ಅತ್ತು ಅತ್ತು ಅವಳ ಕಣ್ಣು ಬಾತಿತ್ತು. ನಾನು ಹ್ಯಾಗೆ ಶುರು ಮಾಡುವುದು ಅಂತ ತಿಳಿಯದೆ, “ನಂಗೆ ಗೊತ್ತೇ ಇರ್ಲಿಲ್ಲ ಕಣೇ. ಆ ಪಾಪಿಗಳು ನಂಗೆ ಹೇಳ್ಲೇ ಇಲ್ಲ” ಅಂದೆ.

“ಸತೀಶಣ್ಣ ಅವತ್ತೇ ಫೋನ್ ಮಾಡಿದ್ರು” ಅಂದಳು ಅವಳು. “ಭಟ್ರಿಗೆ ಹೇಳಿದೀನಿ, ಬರೋಕಾಗಲ್ಲ, ನೀವು ಮುಗಿಸ್ಕೊಳಿ ಅಂದಿದಾರೆ ಅಂದ್ರು. ನಾನು ನಂಬ್ಲಿಲ್ಲ. ನಮ್ಮಣ್ಣ ಹಂಗೆ ಹೇಳೋನಲ್ಲ ಅಂತ ಇವರ ಹತ್ರ, ಊರೋರ ಹತ್ರ ಎಲ್ಲ ಜಗಳ ಆಡ್ದೆ. ಬೆಂಕಿ ಇಟ್ಟ ಮೇಲೂ ಆಡ್ದೆ. ನಿನ್ನೆ ಸುಬ್ಬಲಕ್ಷ್ಮಮ್ಮ ಫೋನ್ ಮಾಡಿ ಅತ್ರು. ನೀನೇ ಎಲ್ಲರೆದುರಿಗೆ ಒಪ್ಕೊಂಡ್ಯಂತೆ, ಮೊದ್ಲೇ ಗೊತ್ತಿತ್ತು ಅಂತ. ಹೇಳಿದ್ಯೋ ಇಲ್ವೋ?”

“ಹೇಳ್ದೆ. ಆದ್ರೆ ಅದು ಸುಳ್ಳು, ಸಿಟ್ಟಲ್ಲಿ…”

“ಪಾಯಸ ಮಾಡಿದ್ದೂ ಸುಳ್ಳಾ?”

ಸತೀಶನ ಮುಖದ ನಿರಾಳದ ಅರ್ಥ ಆಗ ಹೊಳೆಯಿತು. ಅವನ ಸುಳ್ಳಿಗೆ ಸಾಕ್ಷಿ ಇರಲಿಲ್ಲ, ನಾನೇ ಇಪ್ಪತ್ತು ಜನರ ಮುಂದೆ ನಿಂತು ಸಾಕ್ಷಿ ಹೇಳಿಬಿಟ್ಟಿದ್ದೆ. ಅವರೇನು, ಊರು ಸೇರಿ ಪಂಚಗವ್ಯ ಕುಡಿದು, ಜನಿವಾರ ಬದಲಾಯಿಸಿ, ಒಂದೇ ಬೆಳಿಗ್ಗೆ ಶುದ್ಧರಾಗಿಬಿಟ್ಟರು. ಈಗ ತೀರ್ಥಹಳ್ಳಿಯಲ್ಲಿ ಕೇಳಿ ನೋಡಿ, ಅಮ್ಮನ ಹೆಣ ಕಾಯುತ್ತಿದ್ದರೂ ಬಾರದೆ ಪಾಯಸ ಮಾಡಿದವನು ನಾನು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೆ? ಅವರ ಮೂಗು ಕೊಯ್ಯಲು ಹೋಗಿ ನನ್ನದೇ ಕೊಯ್ದುಕೊಂಡಿದ್ದೆ.

“ಅಪರ್ಣಾ, ಅಮ್ಮನ ಮೇಲಾಣೆ” ಅಂದೆ.

“ಅಮ್ಮನ ಹೆಸ್ರು ಎತ್ಬೇಡ” ಅಂದಳು. ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು.

ಅಷ್ಟರಲ್ಲಿ ಸೀದ ವಾಸನೆ ಬಂತು. ಪಿಂಡಕ್ಕೆ ಉದಯ್ ಇಟ್ಟ ಅನ್ನ. ಆ ಅನ್ನವನ್ನು ಕರ್ಮ ಮಾಡುವವನೇ ಬೇಯಿಸಬೇಕು. ಉದಯ್ ಪಾಪ, ಜನ್ಮದಲ್ಲಿ ಒಲೆಯ ಮುಂದೆ ಕೂತವನಲ್ಲ. ಕೊಳ್ಳಿ ಪೂರ್ತಿ ಒಳಗೆ ತುರುಕಿದ್ದ, ನೀರು ಆರಿ ತಳ ಹಿಡಿದಿತ್ತು, ಮೇಲಿನ ಅಕ್ಕಿ ಇನ್ನೂ ಗಟ್ಟಿಯಿತ್ತು. ಹೊಗೆಗೆ ಕಣ್ಣುಜ್ಜಿಕೊಳ್ಳುತ್ತಾ ದಿಕ್ಕು ತೋಚದೆ ಕೂತಿದ್ದ. ನನ್ನ ಕಾಲು ತಾನಾಗಿಯೇ ಮುಂದೆ ಹೋಯಿತು. “ಕೊಳ್ಳಿ ಈಚೆಗೆ ಎಳಿ ಮಾರಾಯ, ಒಂಚೂರು ಬಿಸಿನೀರು ಹಾಕು, ತಾ ಇಲ್ಲಿ…” ಅಂತ ಬಗ್ಗಿದೆ.

ಅಪರ್ಣಾ ಅಡ್ಡ ಬಂದು ನಿಂತಳು. “ನೀನು ಮುಟ್ಬೇಡ. ಹ್ಯಾಗಾಗತ್ತೋ ಹಾಗೆ ಇಡ್ತಾರೆ” ಅಂದಳು.

ನಾನು ಹಿಂದೆ ಸರಿದು ಬೇಲಿಯ ಹತ್ತಿರ ನಿಂತೆ. ಉದಯ್ ಆ ಅನ್ನವನ್ನೇ ಕೆರೆದು, ಉಂಡೆ ಕಟ್ಟಿ, ದರ್ಭೆಯ ಮೇಲಿಟ್ಟ. ಊರಿಗೆಲ್ಲ ಬೇಯಿಸಿ ಹಾಕಿದವನ ತಾಯಿ ಅವತ್ತು ಸೀದ ಅನ್ನ ಉಂಡಳು.